ಮನೆ ಅಂದರೆ ಮನೆ ಅಲ್ಲ

ನಮ್ಮ ಮಾವನವರಿಗೆ ಸಾವಿನ ಮಾತೆಂದರೆ ಆಗುತ್ತಿರಲಿಲ್ಲ. ಉಯಿಲು ಬರೆದಿಡಿ ಎಂದು ಯಾರಾದರೂ ಬಾಯಿಬಿಟ್ಟರೆ, "ಯಾಕ್ಲಾ, ನನ್ನ ಕಳ್ಸಾಕೆ ಅಷ್ಟು ಅವಸ್ರವಾ?" ಎಂದು ಎಲೆಅಡಿಕೆ ಉಗಿದು ಎದ್ದುಹೋಗುತ್ತಿದ್ದರು. ಅಂಥವರು ಯುದ್ಧದ ಕಾಲದಲ್ಲಿ ಒಂದು ಬೆಳಿಗ್ಗೆ ತಾವಾಗಿಯೇ ನಮ್ಮೂರು ತಳಿಯಿಂದ ಹೊಸೂರಿಗೆ ಉಯಿಲು ಬರೆಸಲು ಹೊರಟರು. ಕಾರಣ ಅವರ ತಂಗಿ.

ಆಕೆ ಮದುವೆಯ ಅರಿಶಿನ ಆರುವ ಮೊದಲೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆ ಸೇರಿದವರು. ನಮ್ಮ ಅತ್ತೆ ತೀರಿಕೊಂಡ ಮೇಲೆ ಇಬ್ಬರು ಗಂಡುಮಕ್ಕಳನ್ನೂ ಬೆಳೆಸಿದವರು ಆಕೆಯೇ. ಕಿರಿಯವರು ನನ್ನ ಗಂಡ. ನಾನು ಆಕೆಯನ್ನು ಚಿಕ್ಕತ್ತೆ ಎನ್ನುತ್ತಿದ್ದೆ. ಅಣ್ಣ ಏನೂ ಬರೆಯದೆ ಕಣ್ಮುಚ್ಚಿದರೆ ಅಂಥ ತಂಗಿಗೆ ತಲೆಯ ಮೇಲೊಂದು ಸೂರೂ ದಕ್ಕುತ್ತಿರಲಿಲ್ಲ. ಹೊಲಗಳು ಹಿರಿಯರಿಂದ ಬಂದವು, ಅವು ಗಂಡುಮಕ್ಕಳಿಗೇ. ಮನೆ ಮಾತ್ರ ಮಾವನವರು ತಾವೇ ದುಡಿದು ಕಟ್ಟಿಸಿದ್ದು. ಅದನ್ನು ಅವರು ಯಾರಿಗೆ ಬೇಕಾದರೂ ಕೊಡಬಹುದಿತ್ತು.

ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ದಿನಗಳು ಅವು. ಏರು ಬಂದಾಗಲೆಲ್ಲ ಟಿಕೀಟು ಕೊಂಡವರೇ ಇಳಿದು ತಳ್ಳಬೇಕು. ಹೀಗೆ ಅರ್ಧ ದಾರಿ ಬಸ್ಸನ್ನು ತಾವೇ ಸಾಗಿಸಿಕೊಂಡು ಹೋದ ಮಾವನವರು ಆಸ್ತಿಪತ್ರ ಬರೆಯುವವನ ಮುಂದೆ ಕೂತು, "ಮನೆ ನನ್ ತಂಗಿಗೆ. ಬರ್ಕೊ" ಎಂದರು. ಅವನು ತಮಿಳಿನವನು, ಹೊಸೂರಿನ ಕಚೇರಿಯಲ್ಲಿ ಪತ್ರಗಳೂ ತಮಿಳಿನಲ್ಲೇ ಆಗಬೇಕು. ತನಗೆ ಕನ್ನಡ ಬರುತ್ತದೆ ಎಂದು ಅವನು ನಂಬಿದ್ದ, ಇವರೂ ನಂಬಿದರು. ಅವನು ತಮಿಳಿನಲ್ಲಿ 'ಮನೈ' ಎಂದು ಬರೆದು ಓದಿ ಹೇಳಿದ. ಇವರ ಕಿವಿಗೆ ಸರಿಯಾಗಿಯೇ ಕೇಳಿಸಿತು. ಇಬ್ಬರು ಸಾಕ್ಷಿಗಳು ರುಜು ಹಾಕಿ, ಮಾವನವರ ಲೆಕ್ಕದಲ್ಲಿ ಕಾಫಿ ಕುಡಿದು ಹೋದರು.

ಮಾವನವರು ಹೋಗಿ, ತಿಥಿಯ ಊಟ ಅರಗುವ ಮೊದಲೇ ನಮ್ಮ ಭಾವನವರು ಉಯಿಲು ಬಿಚ್ಚಿದರು. ಹೊಸೂರಿನ ಇಸ್ಕೂಲಿನಲ್ಲಿ ತಮಿಳು ಓದಿ ಬಂದವರು ಅವರು. ಆ ಓದು ಅದುವರೆಗೆ ಯಾವ ಕೆಲಸಕ್ಕೂ ಬಂದಿರಲಿಲ್ಲ.

"ಮನೈ ಅಂದ್ರೆ ತಮಿಳಲ್ಲಿ ಬರೀ ಜಾಗ. ಕಟ್ಟಿರೋದನ್ನ ವೀಡು ಅಂತಾರೆ. ಅಪ್ಪ ಅತ್ತೆಗೆ ನೆಲ ಬರ್ದವ್ರೆ. ವೀಡು ನಮ್ದು" ಎಂದರು.

ಹುಟ್ಟಿದಾಗಿನಿಂದ ಅದೇ ಸೂರಿನ ಕೆಳಗೆ, ಅದೇ ಅತ್ತೆಯ ಹತ್ತಿರ, ಕನ್ನಡದಲ್ಲಿ ಮುದ್ದೆ ಕೇಳಿದ ಮನುಷ್ಯ! ನನ್ನ ಗಂಡ ಪಕ್ಕದಲ್ಲಿ ನಿಂತು ತಲೆಯಾಡಿಸುತ್ತಿದ್ದರು. ಅವರಿಗೆ ತಮಿಳಿನಲ್ಲಿ ಬಸ್ಸಿನ ಬೋರ್ಡು ಓದಲೂ ಬರುತ್ತಿರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

"ಕೊಟ್ಗೆ ಪಕ್ಕ ಒಂದ್ ಗುಡ್ಲು ಹಾಕ್ಕೊಡ್ತೀವಿ ಬಿಡತ್ತೆ" ಎಂದು ಭಾವನವರು ದೊಡ್ಡ ಮನಸ್ಸನ್ನೂ ತೋರಿಸಿದರು. ಚಿಕ್ಕತ್ತೆ ಎದ್ದು ಒಳಗೆ ಹೋದರು. ಅತ್ತವಳು ನಾನು.

ಮಾರನೆಯ ದಿನ ಮಧ್ಯಾಹ್ನ ಅಣ್ಣತಮ್ಮಂದಿರು ಹೊಲದಿಂದ ಹಸಿದು ಬಂದಾಗ ಚಿಕ್ಕತ್ತೆ ಹೊಸ್ತಿಲ ಒಳಗೆ ಮಣೆ ಹಾಕಿಕೊಂಡು ಕೂತಿದ್ದರು. ಅಡಿಗೆಮನೆಯಿಂದ ಅವರೆಕಾಳಿನ ಸಾರು ಘಮಘಮ ಎನ್ನುತ್ತಿತ್ತು.

"ಬನ್ರಲಾ ಒಳಕ್ಕೆ. ವೀಡು ನಿಮ್ದೇ. ನೆಲ ನಂದು, ಅದ್ಕೆ ಮಾತ್ರ ಕಾಲು ತಗಲಿಸ್ಬ್ಯಾಡ್ರಿ."

ಭಾವನವರು ನಕ್ಕರು. ಚಿಕ್ಕತ್ತೆ ನಗಲಿಲ್ಲ. ಭಾವನವರು ಒಂದು ಕಾಲನ್ನು ಹೊಸ್ತಿಲ ಮೇಲಿಟ್ಟರು. ಹೊಸ್ತಿಲು ಮರದ್ದು, ವೀಡಿಗೆ ಸೇರಿದ್ದು, ತಕರಾರಿಲ್ಲ. ಆದರೆ ಇನ್ನೊಂದು ಕಾಲು? ಬಾಗಿಲ ಚೌಕಟ್ಟು ಹಿಡಿದು, ಆ ಕಾಲನ್ನು ಗಾಳಿಯಲ್ಲಿ ಆಡಿಸುತ್ತ ನಿಂತುಬಿಟ್ಟರು. ಬೀದಿಯಲ್ಲಿ ಜನ ಸೇರಿದರು. ಗಾಳಿಯಲ್ಲಿ ನಡೆಯೋ ಪಾಠ ಇಸ್ಕೂಲಲ್ಲಿ ಮಾಡ್ಲಿಲ್ವಾ ಎಂದು ಯಾರೋ ಕೇಳಿದರು.

"ಸಂಜೆ ಒಳ್ಗೆ ನಿಮ್ ವೀಡ್ನ ಎತ್ಕೊಂಡ್ ಹೋಗ್ಬುಡ್ರಿ. ಗೋಡೆ, ಹೆಂಚು, ಎಲ್ಲಾನೂವೆ. ನನ್ ಜಾಗ್ದಾಗೆ ನಾನು ರಾಗಿ ಚೆಲ್ಬೇಕು" ಎಂದರು ಚಿಕ್ಕತ್ತೆ.

ಮೊದಲು ಸೋತವರು ನನ್ನ ಗಂಡ. "ಅತ್ತೆ, ಹಸೀತಾ ಐತೆ" ಎಂದರು.

"ಹಸಿವಿಗೆ ತಮಿಳಲ್ಲಿ ಏನಂತಾರೆ ಅಂತ ನಿಮ್ಮಣ್ಣನ್ನ ಕೇಳು."

ಅಣ್ಣ ಕಾಲು ನೋವಿಗೆ ಮುಖ ಕಿವುಚಿಕೊಂಡು, "ಆಯ್ತತ್ತೆ, ಎಲ್ಲಾನೂ ಬರ್ಕೊಡ್ತೀವಿ" ಎಂದರು. ಆಗ ನನಗಾದ ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ. ಅದನ್ನು ನನ್ನ ಗಂಡನಿಗೂ ಹೇಳಿದ್ದೇನೆ.

ಅದೇ ವಾರ ನಾಲ್ವರೂ ಬಸ್ಸು ತಳ್ಳಿಕೊಂಡು ಹೊಸೂರಿಗೆ ಹೋದೆವು. ಪತ್ರ ಬರೆಯುವವನು ಈ ಸಲ ಹುಷಾರಾಗಿ, "ವೀಡು ಅಂತಾನೇ ಬರೆಯಲಾಮ್ಮಾ?" ಎಂದು ಕೇಳಿದ. ಚಿಕ್ಕತ್ತೆ ಹಿಂದೆ ನಿಂತಿದ್ದ ಇಬ್ಬರನ್ನೂ ಒಮ್ಮೆ ತಿರುಗಿ ನೋಡಿದರು.

"ಮನೆ ಅಂತ ಬರಿ. ವೀಡು ಅಂತ್ಲೂ ಬರಿ. ತೆಲುಗ್ನಾಗೆ ಇಲ್ಲು ಅಂತ್ಲೂ ಬರ್ದ್ಬುಡಪ್ಪ. ಇವ್ರ ಮಕ್ಳು ನಾಳೆ ಯಾವ ಇಸ್ಕೂಲ್ಗೆ ಹೋಗ್ತಾವೋ, ಯಾರು ಕಂಡೋರು?"