ಸೋದರಮಾವನ ತೊಡೆ

ಮೊದಲು ಕೈಕೊಟ್ಟಿದ್ದು ಗಂಟಲು. ಮುದ್ದೆ ಇಳಿಯುತ್ತಿರಲಿಲ್ಲ. ನಾಲಿಗೆಯ ಮೇಲೆ ಬಿಳಿ ಪದರ. ಹೊಸೂರಿನ ಕಂಪನಿ ಕ್ಯಾಂಟೀನಿನ ಖಾರ ಇರಬೇಕು ಅಂದುಕೊಂಡೆ. ಆಮೇಲೆ ಬಿಡದ ಜ್ವರ. ಆಮೇಲೆ ರಕ್ತಪರೀಕ್ಷೆ.

ಎಚ್‌ಐವಿ ಪಾಸಿಟಿವ್.

ಕೃಷ್ಣಗಿರಿಯ ಡಾಕ್ಟರಮ್ಮ ಬಿಡಿಸಿ ಹೇಳಿದರು. ಈ ವೈರಸ್ಸಿನ ಮೈಮೇಲೊಂದು ಪ್ರೋಟೀನ್ ಇದೆಯಂತೆ. ರೋಗದ ವಿರುದ್ಧ ಹೋರಾಡುವ ಸಿಡಿ ಫೋರ್ ಎಂಬ ರಕ್ತಕಣವನ್ನೇ ಹಿಡಿದುಕೊಂಡು ಒಳಗೆ ದಾರಿ ಮಾಡಿಕೊಳ್ಳುತ್ತದಂತೆ. ಒಳಹೊಕ್ಕ ಮೇಲೆ ಇನ್ನೊಂದು ಪ್ರೋಟೀನ್, ಈ ಕಣ ಕೆಟ್ಟಿದೆ ಎಂದು ಹೊರಗೆ ತೋರಿಸುವ ಗುರುತುಗಳನ್ನು ಬಚ್ಚಿಡುತ್ತದಂತೆ. ಕಾವಲಿನ ಕಣಗಳು ಪಕ್ಕದಲ್ಲೇ ಹಾದುಹೋದರೂ ಗೊತ್ತಾಗುವುದಿಲ್ಲ. ಎಂಥ ಕಿಲಾಡಿ! ನಾನೂ ಅದನ್ನೇ ಮಾಡಿದೆ. ಏನೂ ಆಗದವನ ಹಾಗೆ ಓಡಾಡಿಕೊಂಡಿದ್ದೆ.

ಅಕ್ಕನ ಮನೆ ರಾಯಕೋಟೆಯ ಹತ್ತಿರ. ಅವಳ ಮಗಳು ಭುವನಳಿಗೆ ಕಿವಿ ಚುಚ್ಚಿಸಬೇಕಿತ್ತು. ನಮ್ಮಲ್ಲಿ ಮಗುವನ್ನು ಸೋದರಮಾವನ ತೊಡೆಯ ಮೇಲೆ ಕೂರಿಸಿಯೇ ಚುಚ್ಚಿಸುವುದು. ಇರುವ ಮಾವ ನಾನೊಬ್ಬನೇ. ರಕ್ತ ಬರುವ ಕೆಲಸ. ನನ್ನ ಮೈ ನೆನೆದರೆ ನನಗೇ ಹೆದರಿಕೆ. ಓವರ್‌ಟೈಮ್ ಇದೆ, ರಜಾ ಇಲ್ಲ ಎಂದು ಸಾಗಹಾಕುತ್ತಾ ಬಂದೆ. ಮಗು ಬಾಲವಾಡಿಗೆ ಹೋಗುವಷ್ಟು ದೊಡ್ಡದಾಯಿತು. ಅಕ್ಕ ಫೋಟೊ ಕಳಿಸುತ್ತಿದ್ದಳು. ರಿಬ್ಬನ್ನು, ಬಳೆ ಎಲ್ಲ ಇರುತ್ತಿದ್ದವು, ಕಿವಿ ಮಾತ್ರ ಬರಿದು. ಆ ಕಿವಿಗಳನ್ನೇ ಫೋನಿನಲ್ಲಿ ದೊಡ್ಡದು ಮಾಡಿ ನೋಡುತ್ತಿದ್ದೆ. ಅವಳನ್ನು ಒಮ್ಮೆ ಎತ್ತಿಕೊಳ್ಳುವ ಆಸೆ ಎಷ್ಟಿತ್ತೆಂದರೆ, ಬಸ್ಸಿನಲ್ಲಿ ಯಾರದೋ ಮಗು ಒರಗಿಕೊಂಡರೂ ಕಣ್ಣು ತುಂಬುತ್ತಿತ್ತು.

ಡಾಕ್ಟರಮ್ಮ ಕೊಟ್ಟ ಮಾತ್ರೆ ಮಾತ್ರ ತಪ್ಪಿಸಲಿಲ್ಲ. ಈ ಸಲದ ವೈರಲ್ ಲೋಡ್ ರಿಪೋರ್ಟಿನಲ್ಲಿ ವೈರಸ್ ಪತ್ತೆಯಾಗಲಿಲ್ಲ.

"ಹೋಗಿಬಿಡ್ತಾ ಮೇಡಂ?"

"ಹೋಗಿಲ್ಲಪ್ಪ, ಅಡಗಿದೆ. ಮಾತ್ರೆ ಬಿಟ್ಟರೆ ಎದ್ದುಬರುತ್ತೆ."

"ಮಗೂನ ತೊಡೆ ಮೇಲೆ ಕೂರಿಸ್ಕೋಬಹುದಾ?"

"ಮೊದಲೂ ಕೂರಿಸ್ಕೋಬಹುದಿತ್ತು. ಯಾರು ಬೇಡ ಅಂದ್ರು?"

ಯಾರೂ ಅಂದಿರಲಿಲ್ಲ.

ಊರಿಗೆ ಹೋಗಿ ಅಕ್ಕನಿಗೆ ಎಲ್ಲ ಹೇಳಿದೆ. ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಆಮೇಲೆ ಬೈದಳು.

"ಇಷ್ಟ್ ದಿನ ಒಬ್ನೇ ನುಂಗ್ಕಂಡಿದ್ದೇನ್ಲಾ? ಬೇರೇವ್ರ ತೊಡೆ ಮೇಲೆ ಕೂರ್ಸಂಗಿದ್ರೆ ಯಾವತ್ತೋ ಚುಚ್ಚಿಸ್ಬುಡ್ತಿದ್ದೆ ಕಣ್ಲಾ. ಬಾ ಸುಮ್ಕೆ."

ಕಿವಿ ಚುಚ್ಚಿಸುವ ದಿನ ನೆಂಟರೆಲ್ಲ ಸುತ್ತ ಸೇರಿದ್ದರು. ಆಚಾರಿ ಚಿನ್ನದ ತಂತಿ ಹಿಡಿದು ಕೂತ. "ತಲೆ ಗಟ್ಟಿಯಾಗಿ ಹಿಡ್ಕಳಪ್ಪ" ಎಂದ. ಹಿಡಿದೆ. ಭುವನ ಕಿರುಚಿದಳು. ಕಿವಿಯಲ್ಲಿ ಒಂದು ಹನಿ ರಕ್ತ ಕಂಡಿತು. ಹಿಡಿದ ತಲೆ ಬಿಡಲಿಲ್ಲ. ಎರಡೂ ಕಿವಿ ಮುಗಿದ ಮೇಲೆ ಅಕ್ಕ "ಬಾವ್ವ" ಎಂದು ಕೈಚಾಚಿದಳು.

ಭುವನ ಹೋಗಲಿಲ್ಲ. ನನ್ನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದು, ಎದೆಗೆ ಮುಖ ಒತ್ತಿಕೊಂಡು ಅತ್ತಳು. ಜೇಬಿನಲ್ಲಿದ್ದ ಮಾತ್ರೆಯ ಡಬ್ಬಿ ಅವಳ ಕೆನ್ನೆಗೆ ಒತ್ತುತ್ತಿತ್ತು. ತೆಗೆದು, ಎಲ್ಲರೆದುರಿಗೇ, ಪಕ್ಕಕ್ಕಿಟ್ಟೆ.