ನಾಗರಕೆರೆ ಏರಿಯ ಬ್ಯೂಗಲ್

ಬ್ಯೂಗಲ್‌ನ ಅರ್ಧ ಮೈ ಹೊಳೆಯುತ್ತಿದೆ, ಇನ್ನರ್ಧ ಕಪ್ಪಾಗಿಯೇ ಇದೆ. ಬಚ್ಚಲ ಕಲ್ಲಿನ ಮೇಲೆ ಕೂತ ಆಶಾರಾಣಿ ಹುಣಸೆಹಣ್ಣಿನಿಂದ ಅದರ ಬಾಗಿದ ಕೊಳವೆಯನ್ನು ತಿಕ್ಕುತ್ತಲೇ ಒಲೆಯ ಮೇಲಿನ ಹಾಲಿಗೂ ಒಂದು ಕಣ್ಣಿಟ್ಟಿದ್ದಾರೆ. ಗಂಟೆ ಐದೂವರೆ. ಹಾಲು ಉಕ್ಕುವ ಮೊದಲೇ ಒಲೆ ಆರಿಸಿ, ಬ್ಯೂಗಲ್ ತೊಳೆದು ಒರೆಸಿ, ಹೊರಟೇಬಿಟ್ಟರು. ದೊಡ್ಡಬಳ್ಳಾಪುರದ ನಾಗರಕೆರೆ ಏರಿಯ ಮೇಲೆ ನಿಂತು ಅವರು ಎದೆ ತುಂಬ ಉಸಿರೆಳೆದು ಊದುತ್ತಾರೆ. ಎಂಥ ಸದ್ದು! ನೀರಂಚಿನ ಬೆಳ್ಳಕ್ಕಿಗಳೆಲ್ಲ ಒಮ್ಮೆಲೇ ಮೇಲೇಳುತ್ತವೆ. ವಾಕಿಂಗ್ ಬಂದವರ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ಮೂವತ್ತೆಂಟರ ಆಶಾರಾಣಿ ಹಗಲೆಲ್ಲ ಎರಡು ವಿದ್ಯುತ್ ಮಗ್ಗ ನೋಡಿಕೊಳ್ಳುತ್ತಾರೆ. ಕರೆ ಬಂದ ದಿನ ಖಾಕಿ ತೊಟ್ಟು ಗೃಹರಕ್ಷಕಿಯಾಗುತ್ತಾರೆ. ಬ್ಯೂಗಲ್ ಕಲಿಸಿದ್ದು ದಳದ ಹಳೆಯ ಬ್ಯೂಗಲ್‌ಗಾರ ರಾಮಾಂಜಿನಪ್ಪ. ಮುಂದಿನ ಹಲ್ಲು ಬಿದ್ದ ಮೇಲೆ ಅವರು ತಮ್ಮ ವಾದ್ಯವನ್ನೇ ಇವರ ಕೈಗಿಟ್ಟರು.

"ಮೊದಲ ಮೂರು ತಿಂಗಳು ಎಮ್ಮೆ ಕೂಗ್ದಂಗೆ ಬರ್ತಿತ್ತು" ಎಂದು ನಗುತ್ತಾರೆ ಆಶಾರಾಣಿ. "ಇದಕ್ಕೆ ತೂತಿಲ್ಲ, ಗುಂಡಿಯಿಲ್ಲ. ಎಲ್ಲಾ ತುಟೀಲೇ. ಬಿಗಿ ಹಿಡಿದ್ರೆ ಮೇಲಿನ ಸ್ವರ, ಸಡಿಲ ಬಿಟ್ರೆ ಕೆಳಗಿಂದು. ಮಗ್ಗದ ಸದ್ದಲ್ಲಿ ನನ್ ಮಾತು ನಂಗೇ ಕೇಳ್ಸಲ್ಲ. ಇದನ್ನ ಊದಿದ್ರೆ ಆಚೆ ದಡದೋರೂ ತಿರುಗಿ ನೋಡ್ತಾರೆ!"

ಒಂಬತ್ತು ವರ್ಷದ ಈ ಅಭ್ಯಾಸದಲ್ಲಿ ಅವರ ಬ್ಯೂಗಲ್ ಕೈಕೊಟ್ಟಿದ್ದು ಒಂದೇ ಸಲ, ಅದೂ ಊರೆದುರಿಗೆ. ಹೋದ ಆಯುಧಪೂಜೆಯಂದು ಗಂಡ ಕಾಂತರಾಜು ಮಗ್ಗಗಳ ಜೊತೆ ಬ್ಯೂಗಲ್‌ಗೂ ಅರಿಸಿನ ಕುಂಕುಮ ಹಚ್ಚಿ, ಅದರ ಬಾಯಿಗೆ ಸೇವಂತಿಗೆ ಸಿಕ್ಕಿಸಿದ್ದರು. ಮರುದಿನ ಬೆಳಗ್ಗೆ ಮೇಲಿನ ಹೂವು ತೆಗೆದು ಮೈದಾನಕ್ಕೆ ಓಡಿದ ಆಶಾರಾಣಿಗೆ ಒಳಗೆ ಇನ್ನೊಂದು ಜಾರಿಹೋಗಿದ್ದು ಗೊತ್ತಿರಲಿಲ್ಲ. ಗಾಂಧಿ ಜಯಂತಿಯ ಬಾವುಟದೆದುರು ಊದಿದರೆ ಬರೀ ಬುಸುಬುಸು!

"ದೇವರಿಗೆ ಒಂದ್ ಹೂವಾ ಎರಡ್ ಹೂವಾ ಅಂತ ಲೆಕ್ಕ ಹಾಕೋಕಾಗ್ತದಾ?" ಎನ್ನುತ್ತಾರೆ ಕಾಂತರಾಜು, ಮನೆಯಲ್ಲಿ ಆ ಮಾತು ಬಂದಾಗಲೆಲ್ಲ.

"ಸುಮ್ನಿರಿ, ನಿಮ್ ಭಕ್ತೀಲಿ ನನ್ ಮಾನ ಹೋಯ್ತು" ಎಂದು ಆಶಾರಾಣಿ ತಿವಿಯುತ್ತಾರೆ.

ಅಂದಿನಿಂದ ಸಮಾರಂಭದ ಉಸ್ತುವಾರಿ ಹೊತ್ತವರಿಗೆ ಧೈರ್ಯವಿಲ್ಲ. ಇದೇ ಇಪ್ಪತ್ತಾರರ ಗಣರಾಜ್ಯೋತ್ಸವಕ್ಕೆ ಸ್ಪೀಕರಿನಲ್ಲಿ ಧ್ವನಿಮುದ್ರಣ ಹಾಕುತ್ತಾರಂತೆ. ಆಶಾರಾಣಿ ಬ್ಯೂಗಲ್ ತುಟಿಗಿಟ್ಟು ನಿಂತರೆ ಸಾಕಂತೆ. "ಆಗ್ಲಿ ಸಾರ್ ಅಂದೆ. ಇನ್ನೇನನ್ನಲಿ?" ಎನ್ನುತ್ತ ಅವರು ಕೆರೆಯ ಕಡೆ ತಿರುಗಿ ಇನ್ನೊಮ್ಮೆ ಊದುತ್ತಾರೆ.

ಏರಿಯ ಕಲ್ಲಿನ ಮೇಲೆ ಕೂತು ಕೇಳುತ್ತಿದ್ದ ರಾಮಾಂಜಿನಪ್ಪ ಕೋಲು ಕುಟ್ಟುತ್ತಾರೆ. "ಏನಮ್ಮೀ, ಕೊನೇ ಸ್ವರ ಕುಸೀತಲ್ಲ! ಹಿತ್ತಾಳೆ ತಣ್ಣಗಾಗೈತೆ. ಚಳೀಲಿ ಊದೋದಾದ್ರೆ ಮೌತ್‌ಪೀಸ್ ಬಿಚ್ಚಿ ಮೈಯಲ್ಲಿಟ್ಟು ಬೆಚ್ಚಗೆ ಮಾಡ್ಕೋ ಅಂತ ಎಷ್ಟು ಸಲ ಹೇಳ್ಬೇಕು?"

ಆಶಾರಾಣಿ ತಲೆಯಾಡಿಸಿ ಮತ್ತೆ ಊದುತ್ತಾರೆ. ಈ ಸಲ ಕೊನೆಯ ಸ್ವರ ಆಚೆ ದಡ ಮುಟ್ಟಿ ಬರುತ್ತದೆ. ಮುದುಕ ಎದ್ದು ನಿಂತು ಸೆಲ್ಯೂಟ್ ಹೊಡೆಯುತ್ತಾರೆ!

ಏಳಕ್ಕೆ ಮನೆಯಲ್ಲಿ ಮಗ್ಗ ಶುರು. ಅದಕ್ಕೂ ಮೊದಲು ಕಾಂತರಾಜು ಇಪ್ಪತ್ತಾರಕ್ಕೆಂದು ಇಸ್ತ್ರಿ ಮಾಡಿಸಿ ತಂದ ಖಾಕಿಯನ್ನು ಹೆಂಡತಿಯ ಕೈಗಿಡುತ್ತಾರೆ. "ಸುಮ್ನೆ ನಿಂತ್ಕೊಳ್ಳೋಕೆ ಇಷ್ಟು ಗರಿಗರಿ ಸಾಕಲ್ವಾ?"

"ಸಾಕು, ಸಾಕು."

ಅವರು ಮಗ್ಗದ ಕಡೆ ಹೋದ ಮೇಲೆ ಆಶಾರಾಣಿ ಶರ್ಟನ್ನು ಮೆಲ್ಲಗೆ ಮಗುಚಿ ಹಾಕುತ್ತಾರೆ. ಸೀರೆಯ ಚೂರಿನಿಂದ ಹೊಲಿದ ಪುಟ್ಟ ಚೀಲವೊಂದನ್ನು ಒಳಬದಿಗೆ, ಎದೆಯ ನೇರಕ್ಕೆ, ಹೊಲಿಯತೊಡಗುತ್ತಾರೆ. ಬ್ಯೂಗಲ್‌ನ ಮೌತ್‌ಪೀಸ್ ಅದರೊಳಗೆ ಇಳಿಸಿ ನೋಡುತ್ತಾರೆ. ಸರಿಯಾಗಿ ಕೂರುತ್ತದೆ. ದಾರ ಕಚ್ಚಿ ತುಂಡರಿಸಿ, ಶರ್ಟು ಮಡಚಿಟ್ಟು, ಮಗ್ಗದ ಗುಂಡಿ ಒತ್ತುತ್ತಾರೆ.