ಏಳನೇ ತೋಳಿನ ಬಾಲ

ಹೆನ್‌ಕೋಟ್ ಮನೆ ಜೇಬೆಜ್ ಟಫ್ಲಿಗೆ ಒಂದು ಹೆಸರನ್ನು ಬಾಕಿ ಉಳಿಸಿಕೊಂಡಿದೆ. ಬಾಗಿಲ ಪಕ್ಕದ ಹಲಗೆಯಲ್ಲಿ ಒಡೆಯರ ಹನ್ನೊಂದು ತಲೆಮಾರಿದೆ, ಒಂದು ರಾತ್ರಿ ತಂಗಿದ್ದ ರಾಣಿಯೂ ಇದ್ದಾಳೆ. ಚಾವಣಿ ಉಳಿಸಿದ ಬಡಗಿ ಇಲ್ಲ.

ಇಂಗ್ಲೆಂಡಿನ ಹೆರಿಫರ್ಡ್‌ಷೈರಿನ ಮರಗೆಲಸದವರ ಕಾರ್ಮಿಕ ಸಂಘದಲ್ಲಿ ನಾನು ಮೂವತ್ತು ವರ್ಷ ದುಡಿದವನು. ಒಡೆಯರ ಮನೆಗಳೆಂದರೆ ಮೈ ಉರಿಯುತ್ತದೆ. ಆದರೂ ಹೆನ್‌ಕೋಟ್‌ನ ದೊಡ್ಡ ಹಜಾರಕ್ಕೆ ಕಾಲಿಟ್ಟಾಗಲೆಲ್ಲ ಟೋಪಿ ತಾನಾಗಿ ಕೈಗೆ ಬರುತ್ತದೆ. ಒಡೆಯನಿಗಲ್ಲ, ಮೇಲಿನ ಓಕ್ ಮರಕ್ಕೆ. ನಡುವೆ ಒಂದೇ ಒಂದು ಕಂಬವಿಲ್ಲ. ಎರಡೂ ಗೋಡೆಗಳಿಂದ ಬಾಗಿದ ಮರದ ತೋಳುಗಳೆದ್ದು, ಆ ಎತ್ತರದ ಮಬ್ಬಿನಲ್ಲಿ ಒಂದನ್ನೊಂದು ಹಿಡಿದು, ಗಾಡಿಗಟ್ಟಲೆ ಕಲ್ಲುಹಂಚನ್ನು ನಾನೂರು ವರ್ಷದಿಂದ ಹೊತ್ತು ನಿಂತಿವೆ. ಕಬ್ಬಿಣದ ಮೊಳೆಯಿಲ್ಲ, ಬರೀ ಮರದ ಗೂಟ.

1951ರಲ್ಲಿ ಏಳನೇ ಜೋಡಿ ತೋಳು ಜಗ್ಗಿತು. ಲಂಡನ್ನಿನ ವಾಸ್ತುಶಿಲ್ಪಿ ಕ್ರೇಲ್ ಬಂದು, “ಉಕ್ಕಿನ ತೊಲೆ ಹಾಕಿ, ಇಲ್ಲವೇ ಹಜಾರ ಕೆಡವಿ” ಎಂದ. ಒಡತಿಗೆ ಕೆಡವುವುದೇ ಅಗ್ಗ ಕಂಡಿತು. ಟಫ್ಲಿಯನ್ನು ಕರೆಸಿದ್ದು ಮರ ಬಿಚ್ಚಲಿಕ್ಕೆ, ಜೊತೆಗೆ ನಾನೂ ಸೇರಿ ಐದು ಜನ. ಅವನಿಗೆ ಅರವತ್ತೆಂಟು. ಎಪ್ಪತ್ತು ವರ್ಷದ ಹಿಂದೆ ಈ ತೋಳುಗಳನ್ನು ಬಿಚ್ಚಿ ಕೂರಿಸಿ ಚಾವಣಿ ರಿಪೇರಿ ಮಾಡಿದ್ದು ಅವನ ತಾತ. ಪಬ್ಬಿನಲ್ಲಿ ತಾತನ ಜಂಬ ಕೊಚ್ಚದ ಸಂಜೆಯಿರಲಿಲ್ಲ.

ಅಟ್ಟಣೆ ಹತ್ತಿ ಮಸಿ ಒರೆಸಿದವನು ಒಂದೇ ಮರಕ್ಕೆ ಮುಖ ಆನಿಸಿಕೊಂಡು ನಿಂತುಬಿಟ್ಟ.

“ಏನಯ್ಯಾ, ನಿದ್ದೆ ಬಂತಾ ಅಲ್ಲೇ?” ಎಂದು ಕೂಗಿದೆ.

“ಬಾಯ್ಮುಚ್ಕೊಂಡು ಹತ್ತಿ ಬಾರೋ, ಸಂಘದ ದೊರೆ.”

ಹತ್ತಿದೆ. ಹಿಂದಿನವರು ಪ್ರತಿ ಮರವನ್ನೂ ನೆಲದ ಮೇಲೆ ಅದರ ಜೋಡಿಗೆ ಮಾತ್ರ ಹೊಂದುವಂತೆ ಕೆತ್ತಿ, ಉಳಿಯಿಂದ ಅಂಕಿ ಗೀರಿ, ಆಮೇಲೆ ಮೇಲೇರಿಸುತ್ತಿದ್ದರು. ಎಡಗಡೆಯದಾದರೆ ಅಂಕಿಗೊಂದು ಸಣ್ಣ ಬಾಲ. ಟಫ್ಲಿ ಬೆರಳಿಟ್ಟಿದ್ದು ಅಂಥ ಬಾಲದ ಮೇಲೆ. ನಾವು ನಿಂತಿದ್ದು ಬಲಗಡೆ.

“ನಮ್ ತಾತ ಈ ಬಾಲನ ಉಳಿ ಜಾರಿದ ಗೀರು ಅಂದ್ಕೊಂಡವ್ನೆ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಕೂರ್ಸವ್ನೆ. ಗೂಟದ ಹಳೇ ತೂತು ಕೂಡ್ಲಿಲ್ಲ, ಹೊಸ್ದು ಕೊರ್ದವ್ನೆ, ನೋಡು. ಅದ್ಕೇ ಜಗ್ಗಿರೋದು.”

“ಹೇಳ್ಬೇಡ ಮಾರಾಯ. ಮರಕ್ಕೆ ವಯಸ್ಸಾಯ್ತು ಅಂದ್ಬಿಡು. ಊರೆಲ್ಲ ನಗ್ತದೆ.”

“ನಗ್ಲಿ. ತಾತನ ಮಾನ ಉಳ್ಸಕ್ಕೆ ಇಂಥಾ ಸೂರು ಕೆಡವ್ಲಾ?”

ಕೆಳಗಿಳಿದು ಎಲ್ಲರೆದುರೇ ಹೇಳಿದ: “ಮರದ್ದೇನೂ ತಪ್ಪಿಲ್ಲ ಅಮ್ಮಾವ್ರೇ, ತಪ್ಪು ನಮ್ ಮನೇದು. ಎರಡು ವಾರ ಕೊಡಿ. ಉಕ್ಕೂ ಬೇಡ, ಕೆಡವೋದೂ ಬೇಡ.”

ಕ್ರೇಲ್ ನಕ್ಕ: “ಭಲೇ ಮನೆತನ ಕಣಯ್ಯಾ ನಿಂದು!”

“ಹೌದು ಸ್ವಾಮಿ. ನಮ್ ತಪ್ಪೇ ಎಪ್ಪತ್ತು ವರ್ಷ ಸೂರು ಹೊತ್ತು ನಿಂತದೆ. ನಿಮ್ ಸರಿ ಎಷ್ಟು ವರ್ಷ ನಿಂತಾತು?”

ಒಡತಿ ಎರಡು ವಾರ ಕೊಟ್ಟಳು. ಚಾವಣಿಗೆ ಕೆಳಗಿನಿಂದ ಕಂಬಗಳ ಆನಿಕೆ ಕೊಟ್ಟು ತೋಳುಗಳನ್ನು ಅದಲುಬದಲು ಮಾಡಿದೆವು. ಹಳೆಯ ತೂತಿಗೆ ಹೊಸ ಗೂಟ ಬಡಿದಾಗ ಮರ ಮರದೊಳಕ್ಕೆ ಸರಿದು ಕೂತಿತು. ಇಡೀ ಹಜಾರ ಒಮ್ಮೆ ಹೂಂಗುಟ್ಟಿತು. ಸಂದಿಯಲ್ಲಿ ಕೂದಲೆಳೆ ತೂರುತ್ತಿರಲಿಲ್ಲ. ಎಂದೋ ಮಣ್ಣಾದ ಯಾರದೋ ಕೈಯ ಲೆಕ್ಕ ಅದು. ನಾವು ಆರು ಜನ ಕತ್ತೆತ್ತಿಕೊಂಡೇ ನಿಂತೆವು.

ಆಮೇಲೆ ಸಾಯುವವರೆಗೂ ಪಬ್ಬಿನಲ್ಲಿ ಅವನನ್ನು ‘ಬಾಲದ ಟಫ್ಲಿ’ ಎಂದೇ ಕರೆದರು. ಹಲಗೆಯಲ್ಲಿ ಮಾತ್ರ ಚಾವಣಿ ಸರಿಪಡಿಸಿದವನು ಕ್ರೇಲ್.

ನೀವು ಟಿಕೆಟ್ ಕೊಂಡು ಆ ಮನೆಗೆ ಹೋದಾಗ ರಾಣಿ ಮಲಗಿದ ಮಂಚ ಆಮೇಲೆ ನೋಡಿ. ಮೊದಲು ಹಜಾರದಲ್ಲಿ ಕತ್ತೆತ್ತಿ ನೋಡಿ. ಆಮೇಲೆ ಹಲಗೆಯ ಮುಂದೆ ನಿಂತು, ಟಿಕೆಟ್ ಹರಿದವನಿಗೆ ಕೇಳುವಂತೆ ಜೋರಾಗಿ ಕೇಳಿ: ಟಫ್ಲಿಯ ಹೆಸರು ಯಾವಾಗ ಬರೆಸುತ್ತೀರಿ? ದಿನ ಹೇಳುವವರೆಗೆ ಬಾಗಿಲು ಬಿಟ್ಟು ಕದಲಬೇಡಿ.